ಮಾಮಾನನ್ನು ಮಾರಾಟಕ್ಕಿಟ್ಟ ವರ್ಷ

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೇಳದಿದ್ದರೂ ಹೇಳಿದ್ದೇನೆ. ಅಪ್ಪ ಬೈಲಹೊಂಗಲದ ಒಂದು ಹತ್ತಿ ಜಿನ್ನಿನಲ್ಲಿ ಅಂಡಿಗೆಗಳ, ಅಂದರೆ ಒತ್ತಿ ಕಟ್ಟಿದ ಹತ್ತಿ ಮೂಟೆಗಳ, ಮೇಲೆ ಗುರುತು ಹಾಕುವ ಕೆಲಸ ಮಾಡುತ್ತಿದ್ದ. ತಗಡಿನ ಅಚ್ಚು ಇಟ್ಟು, ಅದರ ಮೇಲೆ ಕರಿ ಬಣ್ಣದ ಬ್ರಶ್ಶು ಎಳೆಯುವುದು. ಆ ಅಕ್ಷರ ಓದಲು ಅವನಿಗೆ ಬರುತ್ತಿರಲಿಲ್ಲ, ಆದರೆ ಇಪ್ಪತ್ತು ವರ್ಷದಲ್ಲಿ ಒಂದು ಅಕ್ಷರವನ್ನೂ ತಲೆಕೆಳಗು ಮಾಡಿದವನಲ್ಲ. ಡಬ್ಬಿಯ ತಳದಲ್ಲಿ ಉಳಿದ ಬಣ್ಣವನ್ನು ಮನೆಗೆ ತಂದು ನನಗೆ ಕೊಡುತ್ತಿದ್ದ. ಹೀಗಾಗಿ ತೊಂಬತ್ತರ ದಶಕದಲ್ಲಿ ನಾನು ಬರೆದ ಚಿತ್ರಗಳೆಲ್ಲ ಕರಿ. ಕರಿ ಆನೆ ಸರಿ, ಕರಿ ಗಿಳಿಯೂ ಇತ್ತು. "ಗಿಳಿ ಯಾಕ ಕರ್ರಗೈತೋ?" ಎಂದು ಸಾಲಿ ಮಾಸ್ತರರು ಕೇಳಿದರೆ, "ಜಿನ್ನಿನ ಗಿಳಿರೀ ಸರ್" ಎಂದಿದ್ದೆ.

ಆಮೇಲೆ ಧಾರವಾಡದಲ್ಲಿ ಐದು ವರ್ಷ ಚಿತ್ರಕಲೆ ಓದಿದೆ. ಓದು ಅಂದರೆ ಹಗಲು ಕಾಲೇಜು, ಸಂಜೆ ಲಾರಿಗಳ ನಂಬರ್ ಪ್ಲೇಟು, ರವಿವಾರ ಕಿರಾಣಿ ಅಂಗಡಿಯ ಬೋರ್ಡು. ಪದವಿ ಪ್ರಮಾಣಪತ್ರ ಬಂದ ದಿನ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಚ್ಚು ಛೊಲೊ ಬಿದ್ದೈತಿ" ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಪದವಿಯೇನೋ ಬಂತು, ನೌಕರಿ ಬರಲಿಲ್ಲ. ಡ್ರಾಯಿಂಗ್ ಮಾಸ್ತರರ ಜಾಗ ಎಲ್ಲಿಯೂ ಖಾಲಿ ಇರಲಿಲ್ಲ. ಖಾಲಿ ಇದ್ದದ್ದು ಒಂದೇ ಜಾಗ: ರಾಮದುರ್ಗದಲ್ಲಿ ಮಾಮಾನ ಗೊಬ್ಬರದ ಅಂಗಡಿಯಲ್ಲಿ ಗಲ್ಲೆಯ, ಅಂದರೆ ರೊಕ್ಕದ ಪೆಟ್ಟಿಗೆಯ, ಹಿಂದಿನ ಸ್ಟೂಲು. ಮಾಮಾ ಅಂದರೆ ಅವ್ವನ ಅಣ್ಣ. ಹುಟ್ಟಿದ್ದು ಕಟಕೋಳ, ಮನೆಯೂ ಅಲ್ಲೇ, ವ್ಯಾಪಾರ ರಾಮದುರ್ಗ. ತಲೆಗೆ ಕೇಸರಿ ಪಟಕಾ, ಮುಖಕ್ಕೆ ಮೀಸೆ, ಬಾಯಿಗೆ ಬೈಗುಳ. ಯೂರಿಯಾ ಕೇಳಲು ಬಂದ ರೈತನಿಗೆ ಮೊದಲು ಐದು ನಿಮಿಷ ಬೈಯುತ್ತಿದ್ದ, ಆಮೇಲೆ ಚೀಲ ಕೊಡುತ್ತಿದ್ದ. ಬೈಸಿಕೊಳ್ಳದೆ ಚೀಲ ಒಯ್ದವರು ಬೆಳೆ ಸರಿ ಬರಲಿಲ್ಲ ಎಂದು ಹೇಳಿದ್ದೂ ಉಂಟು.

ನಾನು ಗಲ್ಲೆಯ ಹಿಂದೆ ಕೂರಲು ತಯಾರಿರಲಿಲ್ಲ. ಆಗಷ್ಟೇ ನಮ್ಮೂರಲ್ಲಿ ಎಸ್‌ಟಿಡಿ ಬೂತ್ ನಡೆಸುತ್ತಿದ್ದ ಭಾಯಿಯೊಬ್ಬರು ಅದನ್ನು ನೆಟ್ ಸೆಂಟರ್ ಮಾಡಿದ್ದರು. ಮೂರು ಕಂಪ್ಯೂಟರು, ಅದರಲ್ಲಿ ಒಂದು ಯಾವಾಗಲೂ ಕೆಟ್ಟಿರುತ್ತಿತ್ತು. ಅಲ್ಲಿ ಕೂತು, ಭಾಯಿಯ ನೆರವಿನಿಂದ, ನನ್ನದೇ ಒಂದು ವೆಬ್‌ಸೈಟ್ ಮಾಡಿದೆ. ಕಿತ್ತೂರು ಕೋಟೆಯ ಬಿದ್ದ ಗೋಡೆಯ ಚಿತ್ರ, ಸವದತ್ತಿ ಬಸ್‌ ಸ್ಟ್ಯಾಂಡಿನಲ್ಲಿ ರೊಟ್ಟಿ ಬುತ್ತಿ ಬಿಚ್ಚಿದ ಹೆಣ್ಣುಮಕ್ಕಳು, ನವಿಲುತೀರ್ಥದ ಹಿನ್ನೀರಿನಲ್ಲಿ ಬರೀ ತಲೆ ಮೇಲೆ ಬಿಟ್ಟು ಮುಳುಗಿ ನಿಂತ ಒಂದು ಎಮ್ಮೆ. ಇವು ಬಣ್ಣದಲ್ಲಿ ಬರೆದವು. ಜೊತೆಗೆ ನಾನು ತೆಗೆದ ಫೋಟೋಗಳೂ ಇದ್ದವು. ಬೇಕೆಂದವರಿಗೆ ಬೇಕಾದ ಅಳತೆಗೆ ಪ್ರಿಂಟ್ ಹಾಕಿಸಿ ಕಳಿಸುವುದು. ಅದರಲ್ಲಿ ಒಂದು ಮಾಮಾನದು. ಯೂರಿಯಾ ಚೀಲಗಳಿಗೆ ಬೆನ್ನು ಕೊಟ್ಟು, ಕ್ಯಾಮೆರಾದ ಕಡೆ ದುರುಗುಟ್ಟಿ ನೋಡುವ ಮಾಮಾ, ಕಪ್ಪು ಬಿಳುಪಿನಲ್ಲಿ.

ಮಾಮಾನನ್ನು ಕೇಳಿ ಹಾಕಿದ್ದೆನೇ ಅಂದರೆ, ಇಲ್ಲ.

ದಸರೆ ಮುಗಿದ ಮೇಲೆ ಮಾಮಾ ನನ್ನನ್ನು ಕರೆದೊಯ್ಯಲೆಂದೇ ಬೈಲಹೊಂಗಲಕ್ಕೆ ಬಂದ. ನಾನು ಮಾಡುವ ವ್ಯಾಪಾರ ಇದು ನೋಡು ಎಂದು ತೋರಿಸಲು ಭಾಯಿಯ ನೆಟ್ ಸೆಂಟರಿಗೆ ಕರೆದುಕೊಂಡು ಹೋದೆ. ಪರದೆಯ ಮೇಲೆ ಮೊದಲು ಗೋಡೆ ಬಂತು, ಆಮೇಲೆ ರೊಟ್ಟಿ, ಆಮೇಲೆ ಎಮ್ಮೆ, ಅದರ ಕೆಳಗೆ ಅವನೇ ಬಂದ. ಮಾಮಾ ಕನ್ನಡಕ ಹಾಕಿಕೊಂಡ.

"ಇದು ನಾನೇನಲೇ?"

"ಹೂಂ ಮಾಮಾ."

"ಕೆಳಗ ಬರದಿದ್ದೇನದು?"

"ರೇಟು."

"ನನ್ನ ಕೇಳದ ನನ್ನ ಮಾರಾಕ ಹಚ್ಚಿಯಲ್ಲಲೇ, ನಿಮ್ಮವ್ವಗರೇ ಗೊತ್ತೈತೇನು?" ಎಂದ. ಇನ್ನೇನು ಬೈಗುಳ ಶುರುವಾಗುತ್ತದೆ ಎಂದು ಕಾದೆ. ಆದರೆ ಅವನ ಕಣ್ಣು ಒಂದು ಸಾಲು ಮೇಲಕ್ಕೆ ಹೋಗಿ ಎಮ್ಮೆಯ ರೇಟಿನ ಮೇಲೆ ನಿಂತಿತ್ತು. "ಎಮ್ಮಿಗೆ ಹೆಚ್ಚು, ನನಗ ಕಡಿಮಿ?"

"ಅದು ಕೈಲೆ ಬರದದ್ದು ಮಾಮಾ, ಒಂದ ಇರತೈತಿ. ಫೋಟೋ ಎಷ್ಟ ಬೇಕಾದ್ರೂ ತೆಗೀಬಹುದು."

"ನಾನೂ ಒಬ್ಬನ ಇದ್ದೇನಿ."

ಭಾಯಿ ನಡುವೆ ಬಾಯಿ ಹಾಕಿದರು. "ಸಾವ್ಕಾರ್ರ, ಬಣ್ಣಾ ಇರಲಿಲ್ಲಂದ್ರ ರೇಟ್ ಕಡಿಮಿ ಇರತೈತ್ರಿ."

"ಪಟಕಾದ ಬಣ್ಣಾ ಎಲ್ಲಿ ಹೋತು ಅಂತ ನಾನೂ ಅದನ್ನ ಕೇಳಾಕ ಹತ್ತೇನಿ. ಕೈಗಡಿಯಾರಾನೂ ಕಾಣವಲ್ದು."

ಕಲೆಯ ಬಗ್ಗೆ ಧಾರವಾಡದಲ್ಲಿ ಕಲಿತದ್ದನ್ನು ಹತ್ತು ನಿಮಿಷ ವಿವರಿಸಿದೆ. ಬಣ್ಣ ತೆಗೆದರೆ ಮುಖ ಉಳಿಯುತ್ತದೆ ಅಂದೆ. ಮಾಮಾ ಎಲ್ಲ ಕೇಳಿ ಅಲ್ಲಿಯೇ ಕರಾರು ಮಾಡಿದ. ಗುರುತು ಪರಿಚಯ ಇಲ್ಲದ ಒಬ್ಬರು ರೊಕ್ಕ ಕೊಟ್ಟು ತನ್ನ ಫೋಟೋ ಕೊಳ್ಳಬೇಕು. ಯುಗಾದಿ ಒಳಗೆ ಅದು ಪೋಸ್ಟ್ ಆಫೀಸ್ ದಾಟಬೇಕು. ದಾಟಿದರೆ ಇನ್ನು ಮುಂದೆ ಅಂಗಡಿಯ ಮಾತು ಎತ್ತುವುದಿಲ್ಲ. ದಾಟದಿದ್ದರೆ ಯುಗಾದಿ ಪಾಡ್ಯದ ದಿನ ನಾನು ರಾಮದುರ್ಗದ ಸ್ಟೂಲಿನ ಮೇಲೆ. ಪದವಿ ಪ್ರಮಾಣಪತ್ರವನ್ನು ಅಂಗಡಿಯಲ್ಲೇ ತೂಗುಹಾಕಿದರಾಯಿತು, ಗಿರಾಕಿಗಳೂ ನೋಡುತ್ತಾರೆ ಎಂದ. ಭಾಯಿ ಸಾಕ್ಷಿ. ನಾನು ಒಪ್ಪಿಕೊಂಡೆ. ಐದು ವರ್ಷ ನಂಬರ್ ಪ್ಲೇಟು ಬರೆದು ಗಳಿಸಿದ ಪದವಿ ಗೊಬ್ಬರದ ವಾಸನೆಯಲ್ಲಿ ತೂಗಾಡುವುದು ಕಣ್ಣಿಗೆ ಕಟ್ಟಿದಂತಾಯಿತು. ಆದರೂ ಒಪ್ಪಿಕೊಂಡೆ.

ಎಳ್ಳ ಅಮಾವಾಸ್ಯೆ ಹೊತ್ತಿಗೆ ಎಮ್ಮೆ ಮಾರಾಟವಾಯಿತು. ಪುಣೆಯ ಯಾರೋ ಡಾಕ್ಟರು. ಚಿತ್ರವನ್ನು ಕಟ್ಟಿ ಕಳಿಸುವ ಮುಂಚೆ ಅರ್ಧ ತಾಸು ಪಡಸಾಲೆಯಲ್ಲಿ ಇಟ್ಟಿದ್ದೆ, ಅಷ್ಟೇ. ನಮ್ಮ ಅವ್ವನ ಪದ್ಧತಿ ನನಗೆ ನೆನಪಿರಬೇಕಿತ್ತು. ಮನೆಗೆ ಬರುವ ಹೊಸ ಸಾಮಾನಿಗೂ ಮನೆಯಿಂದ ಹೊರಡುವ ಸಾಮಾನಿಗೂ ಪೂಜೆ ಮಾಡದೆ ಅವಳು ಬಿಟ್ಟವಳಲ್ಲ. ಸೈಕಲ್ಲಿಗೆ, ಮಿಕ್ಸರಿಗೆ, ನನ್ನ ಹಾಲ್ ಟಿಕೆಟ್ಟಿಗೆ ಸಹ. ಎಮ್ಮೆಯ ಹಣೆಗೆ, ನಾನು ಹದಿನೈದು ದಿನ ತಿದ್ದಿದ ಹಣೆಗೆ, ಅರಿಶಿನದ ಮೇಲೆ ದುಂಡಗೆ ಕುಂಕುಮ ಹಚ್ಚಿಬಿಟ್ಟಿದ್ದಳು. ಒರೆಸಿದರೆ ಇನ್ನೂ ಹರಡಿತು. ಹಾಗೇ ಕಳಿಸಿದೆ. ಹದಿನೈದು ದಿನದ ಮೇಲೆ ಡಾಕ್ಟರು ಮೇಲ್ ಬರೆದರು: ಹಣೆಯ ಕೆಂಪು ಬಹಳ ಚೆನ್ನಾಗಿದೆ, ವೆಬ್‌ಸೈಟಿನ ಚಿತ್ರದಲ್ಲಿ ಇದು ಇರಲಿಲ್ಲವಲ್ಲ? ನಾನು ಉತ್ತರಿಸಿದೆ: ಅದು ಕೊನೆಯಲ್ಲಿ ಹೊಳೆದದ್ದು.

ಆದರೆ ಅವ್ವನಿಗೆ ಮಾತ್ರ ಕಟ್ಟುನಿಟ್ಟಾಗಿ ಹೇಳಿದೆ. "ಇನ್ನ ಮ್ಯಾಲೆ ನನ್ನ ಚಿತ್ರಾ ಮುಟ್ಟಬ್ಯಾಡ ಯವ್ವಾ. ಮುಟ್ಟಂಗಿಲ್ಲಂತ ಹೇಳು."

"ಮುಟ್ಟಂಗಿಲ್ಲ ಬಿಡಪಾ," ಎಂದಳು. ಅವ್ವ ಕೊಟ್ಟ ಮಾತು ತಪ್ಪುವವಳಲ್ಲ. ಮುಂದಿನ ಅನಾಹುತಕ್ಕೆಲ್ಲ ಅದೇ ಕಾರಣ.

ಎಮ್ಮೆ ಹೋದ ಸುದ್ದಿ ರಾಮದುರ್ಗಕ್ಕೆ ಮುಟ್ಟಿತು. ಗೊಬ್ಬರ ಒಯ್ಯಲು ಬಂದವರು, "ಎಮ್ಮಿ ಹೋತಂತಲ್ರಿ ಸಾವ್ಕಾರ್ರ, ನೀವಿನ್ನೂ ಅದೀರೇನ್ರಿ?" ಎಂದು ಕೇಳತೊಡಗಿದರು. ಮಾಮಾನಿಗೆ ಅದು ತಡೆಯಲಿಲ್ಲ. ಕರಾರಿನ ಪ್ರಕಾರ ಅವನು ಮಾರಾಟವಾಗದಿದ್ದರೆ ಅವನಿಗೇ ಲಾಭ. ಪುಕ್ಕಟೆ ಪದವೀಧರ ಸಿಗುತ್ತಾನೆ. ಅದನ್ನು ಮರೆತು, ವಾರಕ್ಕೊಮ್ಮೆ ಶುಕ್ರವಾರದ ಸಂತೆಯ ನೆಪ ಮಾಡಿ ಬಂದು ಭಾಯಿಯ ಎದುರು ಕೂರುತ್ತಿದ್ದ. ವೆಬ್‌ಸೈಟಿನ ಅಡಿಯಲ್ಲಿ ಎಷ್ಟು ಮಂದಿ ನೋಡಿದರು ಎಂಬ ಅಂಕಿ ಕಾಣುತ್ತಿತ್ತು.

"ಎಷ್ಟ ಮಂದಿ ನೋಡ್ಯಾರ?"

"ನೂರಾ ನಲವತ್ತು, ಸಾವ್ಕಾರ್ರ."

"ಹ್ವಾದ ವಾರ ನೂರಾ ಮೂವತ್ತಿತ್ತು. ಏರಾಕ ಹತ್ತೈತಿ."

ಆ ಹತ್ತರಲ್ಲಿ ಆರು ನಾನು, ಮೂರು ಭಾಯಿ, ಒಂದು ಸ್ವತಃ ಅವನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಯುಗಾದಿಗೆ ಹನ್ನೆರಡು ದಿನ ಇದೆ ಎನ್ನುವಾಗ ಮೈಸೂರಿನಿಂದ ಮೇಲ್ ಬಂತು. ನಿವೃತ್ತ ಶಿಕ್ಷಕಿ. ಒಬ್ಬರೇ ಇರುವ ಮನೆ. ನಿಮ್ಮ ಫೋಟೋದಲ್ಲಿನ ಹಿರಿಯರು ಇನ್ನೇನು ಬೈದೇಬಿಡುತ್ತಾರೆ ಅನಿಸುತ್ತದೆ, ನನ್ನನ್ನು ಬೈಯುವವರು ಯಾರೂ ಇಲ್ಲ, ದೊಡ್ಡ ಅಳತೆಯಲ್ಲಿ ಕಟ್ಟು ಹಾಕಿಸಿ ಕಳಿಸಿ ಎಂದು ಬರೆದಿದ್ದರು. ರೊಕ್ಕವೂ ಬಂತು. ನಾನು ಮೇಲನ್ನು ಮೂರು ಸಲ ಓದಿದೆ. ಭಾಯಿ ಚಹಾ ತರಿಸಿದರು.

ಹುಬ್ಬಳ್ಳಿಯಲ್ಲಿ ಪ್ರಿಂಟ್ ಹಾಕಿಸಿ ತಂದೆ. ಕಟ್ಟು ಹಾಕಲು ನಮ್ಮೂರ ಫೋಟೋ ಕಟ್ಟಿನವನ ಅಂಗಡಿಗೆ ಹೋದೆ. ಅವನು ಸುರುಳಿ ಬಿಚ್ಚಿ ಮಾಮಾನ ಮುಖ ನೋಡಿ, ದನಿ ತಗ್ಗಿಸಿದ.

"ಯಾವಾಗ ಆತ್ರಿ?"

"ಏನು?"

"ಇವರು... ಯಾವಾಗ?"

"ಅದಾರ. ಗಟ್ಟಿ ಅದಾರ."

"ಮತ್ತ ಇಷ್ಟ ದೊಡ್ಡದು ಯಾಕ್ರಿ?" ಎಂದ. ಅವನ ಪ್ರಶ್ನೆ ಸುಳ್ಳಲ್ಲ. ನಮ್ಮ ಕಡೆ ಮನುಷ್ಯ ಬದುಕಿರುವಾಗ ಗುಂಪಿನಲ್ಲಿ ಬೆರಳಿನಷ್ಟು ಇರುತ್ತಾನೆ, ಒಬ್ಬನೇ ಇಷ್ಟು ದೊಡ್ಡದಾಗಿ ಗೋಡೆಯ ಮೇಲೆ ಬರುವುದು ಹೋದ ಮೇಲೆಯೇ. ಮಾರಾಟಕ್ಕೆ ಎಂದೆ. ಅವನು ನನ್ನನ್ನು ಮೇಲೆ ಕೆಳಗೆ ನೋಡಿ ಅಳತೆ ಪಟ್ಟಿ ತೆಗೆದ. ಎರಡು ದಿನಕ್ಕೆ ಕಟ್ಟು ಹಾಕಿ ಕೊಟ್ಟ. ಕೆಲಸ ಚೊಕ್ಕ. ಒಂದೇ ಒಂದು: ರೂಢಿಯ ಮೇಲೆ, ಕಟ್ಟಿನ ಮೇಲಂಚಿನ ಎರಡೂ ತುದಿಗೆ ಹೂಮಾಲೆ ಹಾಕಲು ಎರಡು ಸಣ್ಣ ಮೊಳೆ ಬಡಿದಿದ್ದ. ನಾನು ಅವನ್ನು ನೋಡಲೇ ಇಲ್ಲ. ಅವ್ವ ನೋಡಿದಳು.

ಯುಗಾದಿಯ ಮುನ್ನಾದಿನ, ಬೆಳಗ್ಗೆ ಹತ್ತು ಗಂಟೆ. ಮರುದಿನ ಪೋಸ್ಟ್ ಆಫೀಸಿಗೆ ಸೂಟಿ. ಅಂದು ಮೂರರೊಳಗೆ ಪಾರ್ಸಲ್ ಒಪ್ಪಿಸಬೇಕು. ಫೋಟೋವನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ, ಕಟ್ಟಿಗೆಯ ಡಬ್ಬಿ ತರಲು ಬಡಿಗೇರರ ಮನೆಗೆ ಹೋದೆ. ಅಪ್ಪ ಡಬ್ಬಿಯಲ್ಲಿ ತುಂಬಲು ಹತ್ತಿ ತರಲೆಂದು ಜಿನ್ನಿಗೆ ಹೋಗಿದ್ದ. ಅವ್ವ ಕೊಟ್ಟ ಮಾತಿನಂತೆ ಫೋಟೋ ಮುಟ್ಟಲಿಲ್ಲ. ಎರಡು ಮೊಳೆಗೆ ಮಲ್ಲಿಗೆ ಮಾಲೆ ಇಳಿಬಿಟ್ಟಳು. ಎದುರಿಗೆ ದೀಪ ಹಚ್ಚಿದಳು. ಊದಿನಕಡ್ಡಿ ಸಿಕ್ಕಿಸಿದಳು. ತೆಂಗಿನಕಾಯಿ ತರಲು ಅಡುಗೆಮನೆಗೆ ಹೋದಳು.

ಅಷ್ಟರಲ್ಲಿ ಮೊಸರು ಮಾರುವಾಕೆ ಬಾಗಿಲಿಗೆ ಬಂದಳು. ಅವಳ ತವರೂ ಕಟಕೋಳ. ಒಳಗೆ ನೋಡಿದಳು. ಮೊಸರಿನ ಬುಟ್ಟಿ ಅಲ್ಲೇ ಕಟ್ಟೆಯ ಮೇಲೆ ಇಟ್ಟು, ಕಾಯಿನ್ ಬಾಕ್ಸ್ ಫೋನಿನ ಕಡೆ ಹೋದಳು.

ಕಟಕೋಳದವರು ರಾಮದುರ್ಗಕ್ಕೆ, ಮಾಮಾನ ಪಕ್ಕದ ಅಂಗಡಿಗೆ, ಫೋನ್ ಮಾಡಿ ವಿಚಾರಿಸಿದರು. ಅಂಗಡಿಗೆ ಕೀಲಿ ಹಾಕಿತ್ತು. ಶುಕ್ರವಾರ ಬಿಟ್ಟರೆ ಯಾವತ್ತೂ ಮುಚ್ಚದ ಅಂಗಡಿ ಮುಚ್ಚಿದೆ ಅಂದ ಮೇಲೆ ಇನ್ನೇನು ಬೇಕು. ನಿಜವಾದ ಸಂಗತಿ ಇಷ್ಟೇ: ಮಾಮಾ ಮನೆಯಲ್ಲಿ ಹೇಳದೆ ತನ್ನ ಫೋಟೋವನ್ನು ಬೀಳ್ಕೊಡಲು ನಮ್ಮಲ್ಲಿಗೆ ಹೊರಟಿದ್ದ, ದಾರಿಯಲ್ಲಿ ಸವದತ್ತಿಯಲ್ಲಿಳಿದು ಆ ಸಮಾರಂಭಕ್ಕೆಂದೇ ಹೊಸ ಪಟಕಾ ಕೊಳ್ಳುತ್ತಿದ್ದ. ಅವನದೊಂದು ಮೊಬೈಲೂ ಇತ್ತು, ಆದರೆ ಸವೆಯುತ್ತದೆ ಎಂದು ಅದನ್ನು ಅಂಗಡಿಯ ತಿಜೋರಿಯಲ್ಲಿ ಇಡುತ್ತಿದ್ದ.

ನಾನು ಡಬ್ಬಿ ಹೊತ್ತು ಬಂದಾಗ ಓಣಿಯ ಅರ್ಧ ಮಂದಿ ನಮ್ಮ ಪಡಸಾಲೆಯಲ್ಲಿತ್ತು. ಫೋಟೋದ ಮುಂದೆ ಹೂವಿನ ಗುಡ್ಡೆ. ಮಧ್ಯಾಹ್ನದ ಹೊತ್ತಿಗೆ ಕಟಕೋಳದಿಂದ ಒಂದು ಟೆಂಪೋ ತುಂಬ ಜನ ಬಂದಿಳಿದರು. ಮುಂದಿನ ಸೀಟಿನಲ್ಲಿ ಅತ್ತಿ, ಮಾಮಾನ ಹೆಂಡತಿ. "ಊಟಾ ಮಾಡಿ ಹೋಗ್ರಿ ಅಂದೆ, ಕೇಳಲಿಲ್ಲ," ಅನ್ನುತ್ತಲೇ ಒಳಗೆ ಬಂದಳು.

"ಮಾಮಾಗ ಏನೂ ಆಗಿಲ್ಲ," ಎಂದು ನಾನು ಒಬ್ಬೊಬ್ಬರ ಹತ್ತಿರ ಹೋಗಿ ಹೇಳಿದೆ. ಹಿರಿಯರೊಬ್ಬರು ನನ್ನ ಬೆನ್ನು ಸವರಿ ಪಕ್ಕದವರಿಗೆ, "ಹುಡುಗ ಮಾಮಾನ್ನ ಭಾಳ ಹಚಗೊಂಡಿದ್ದ," ಎಂದರು. ಅಪ್ಪ ಹತ್ತಿಯ ಗಂಟು ಹೊತ್ತು ಬಂದ. ಮಂದಿಯನ್ನು ನೋಡಿ, ಏನೂ ಕೇಳದೆ, ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಂದು ಮೂಲೆಯಲ್ಲಿ ಕೂತ. ನಾನು ಕಿವಿಯಲ್ಲಿ, "ಅಪ್ಪಾ, ಮಾಮಾ ಬದುಕ್ಯಾನ," ಎಂದೆ.

"ಮೊದಮೊದಲ ಹಂಗ ಅನಸ್ತೈತಿ," ಎಂದ ಅಪ್ಪ.

ಕೊನೆಗೆ ಅವ್ವನನ್ನು ಹುಡುಕಿದೆ. ಇದೆಲ್ಲ ಆಕೆ ಹಾಕಿದ ಮಾಲೆ, ಆಕೆಯೇ ಹೇಳಲಿ ಎಂದು. ಆಕೆ ಅತ್ತಿಯ ಕೊರಳು ತಬ್ಬಿಕೊಂಡು ಅಳುತ್ತಿದ್ದಳು.

"ಯವ್ವಾ, ನೀನ ಅಲ್ಲೇನು ಮಾಲಿ ಹಾಕಿದಾಕಿ? ಪಾರ್ಸಲ್ ಪೂಜಿಗೆ ಹಾಕಿದ್ದಲ್ಲ ಅದು?"

"ನಾ ಪೂಜಿಗೇ ಹಾಕಿದ್ದೆನೋ. ಆದ್ರ ಕಟಕೋಳದಿಂದ ಟೆಂಪೋ ಮಾಡಕೊಂಡು ಬಂದಾರ. ಅವರೂರಿನ ಸುದ್ದಿ ಅವರಿಗೆ ಗೊತ್ತಿಲ್ಲೇನು?" ಎಂದು ಮತ್ತೆ ಅಳತೊಡಗಿದಳು.

ಅವಳ ಮಾಲೆಯಿಂದ ಹುಟ್ಟಿದ ಸುದ್ದಿಯೇ ಕಟಕೋಳಕ್ಕೆ ಹೋಗಿ, ಟೆಂಪೋ ಹತ್ತಿ, ಅವಳ ಹತ್ತಿರ ವಾಪಸು ಬಂದಿತ್ತು. ಪದವೀಧರನಾದ ನನಗೂ ಒಂದು ಕ್ಷಣ ಅಳುಕಾಯಿತು. ಅಷ್ಟು ಜನ ಸುಳ್ಳಿಗೆ ಟೆಂಪೋ ಮಾಡುತ್ತಾರೆಯೇ?

ಗೋಡೆಯ ಗಡಿಯಾರ ನೋಡಿದೆ. ಎರಡೂ ಹತ್ತು. ಮಾಮಾ ಇರಲಿ ಇಲ್ಲದಿರಲಿ, ಮೂರರೊಳಗೆ ಈ ಫೋಟೋ ಪೋಸ್ಟ್ ಆಫೀಸು ಮುಟ್ಟದಿದ್ದರೆ ನಾನು ಸ್ಟೂಲಿನ ಮೇಲೆ. ಮೆಲ್ಲಗೆ ಹೋಗಿ ಮಾಲೆ ತೆಗೆದು ಫೋಟೋ ಎತ್ತಲು ಕೈ ಹಾಕಿದೆ. ನಾಲ್ಕು ಕೈ ನನ್ನನ್ನು ಹಿಡಿದವು.

"ಮಾಮಾನ ಫೋಟೋ ಡಬ್ಬ್ಯಾಗ ತುಂಬಾಕ ಹತ್ತಿಯಲ್ಲೋ, ಕಲತಾವ ನೀನು," ಎಂದರು.

ಇದೇ ಹೊತ್ತಿಗೆ ಮಾಮಾ ಓಣಿಗೆ ಬಂದ. ಇದನ್ನು ಆಮೇಲೆ ಅವನೇ ಎಷ್ಟೋ ಸಲ ಹೇಳಿದ್ದಾನೆ. ಹೊಸ ಪಟಕಾ ಸುತ್ತಿಕೊಂಡು, ಮಂದಿ ಕಂಡು, ಬಾಗಿಲ ಬಳಿ ಹಿಂದೆ ನಿಂತವನನ್ನು ಕೇಳಿದನಂತೆ, "ಯಾರ ಹೋದ್ರು?"

ಅವನು ತಿರುಗಿ ನೋಡದೆ, "ರಾಮದುರ್ಗದ ಗೊಬ್ಬರದಂಗಡಿ ಸಾವ್ಕಾರ್ರು," ಎಂದ.

ಬೇರೆ ಯಾರಾದರೂ ಆಗಿದ್ದರೆ ಕೂಗುತ್ತಿದ್ದರು. ಮಾಮಾ ವ್ಯಾಪಾರಸ್ಥ. "ಹೆಂಗಿದ್ದ ಮನಷ್ಯಾ?" ಎಂದು ಕೇಳಿದ.

"ಬಾಯಿ ಹೊಲಸು. ಆದ್ರ ತೂಕದಾಗ ಮೋಸಾ ಇದ್ದಿದ್ದಿಲ್ಲ."

ಮಾಮಾ ಬಾಗಿಲಿಗೆ ಒರಗಿ ಇನ್ನೂ ಸ್ವಲ್ಪ ಹೊತ್ತು ಕೇಳಿದ. ಒಬ್ಬ ರೈತ, ಹೋದ ವರ್ಷ ಬೈಸಿಕೊಂಡ ಮೇಲೆಯೇ ತಾನು ಹೊಲಕ್ಕೆ ನೀರು ಬಿಟ್ಟಿದ್ದು ಎಂದ. ಇನ್ನೊಬ್ಬ, ಇನ್ನು ಯಾರು ಬೈಯಬೇಕು ಎಂದ. ಮಾಮಾ ಒಂದೊಂದಕ್ಕೂ ತಲೆ ಆಡಿಸುತ್ತಿದ್ದ. ಆಮೇಲೆ ಯಾರೋ, "ಫೋಟೋದಾಗ ಮೂಗು ಸ್ವಲ್ಪ ಸೊಟ್ಟ ಬಂದೈತಿ," ಅಂದಿದ್ದೇ ತಡ, ಅವನಿಗೆ ಸಹಿಸಲಾಗಲಿಲ್ಲ.

"ಮೂಗ ಛೊಲೊ ಐತಿ. ಸರೀರಿ," ಎಂದು ದಾರಿ ಮಾಡಿಕೊಂಡು ಒಳಗೆ ಬಂದ.

ಅತ್ತಿ ಅವನ ತಲೆ ನೋಡಿದಳು. "ಹೊಸಾ ಪಟಕಾ ಯಾವಾಗ ತಗೊಂಡ್ರಿ?" ಎಂದಳು. ಅವಳಿಗೆ ಮೊದಲು ಸಿಟ್ಟು ಬಂತು, ಅಳು ಆಮೇಲೆ ಬಂತು. ಅವ್ವ ಅಣ್ಣನ ಮುಂದೆ ನಿಂತು ಅವನ ಮುಂಗೈ ಚಿವುಟಿ ನೋಡಿದಳು. ಮೂಲೆಯಲ್ಲಿದ್ದ ಅಪ್ಪ ಎದ್ದು, ಏನೂ ಆಗಿಲ್ಲವೆಂಬಂತೆ, ಡಬ್ಬಿಯಲ್ಲಿ ಹತ್ತಿ ಹಾಸತೊಡಗಿದ.

ಮಾಮಾ ತನ್ನ ಫೋಟೋದ ಮುಂದೆ ಕೂತ. ದೀಪ, ಊದಿನಕಡ್ಡಿ, ಮಲ್ಲಿಗೆ, ಹೂವಿನ ಗುಡ್ಡೆ. ಬಹಳ ಹೊತ್ತು ನೋಡಿದ.

"ಬಣ್ಣಾ ಇರದಿದ್ರೂ ನಡೀತೈತಿ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಪೋಸ್ಟ್ ಎಷ್ಟಕ್ಕ ಮುಚ್ಚತೈತಿ?"

"ಮೂರಕ್ಕ. ಈಗ ಎರಡೂ ನಲವತ್ತು."

ಅವನು ಆ ಇಪ್ಪತ್ತು ನಿಮಿಷ ಸುಮ್ಮನೆ ಕೂತು ಚಹಾ ಕುಡಿದಿದ್ದರೆ ಸಾಕಿತ್ತು, ಕರಾರಿನಂತೆ ಮರುದಿನ ನಾನು ಅವನ ಅಂಗಡಿಯಲ್ಲಿ ಇರುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಪಟಕಾ ಸರಿ ಮಾಡಿಕೊಂಡು ಎದ್ದು ನಿಂತ. "ಟೆಂಪೋ ತಿರಗಸ್ರಿ," ಎಂದ.

ಮಣ್ಣಿಗೆಂದು ಬಂದ ಟೆಂಪೋದಲ್ಲಿ, ಮಣ್ಣಿಗೆಂದು ಬಂದ ಮಂದಿಯೇ, ಮಾಮಾನನ್ನು ಡಬ್ಬಿಯಲ್ಲಿಟ್ಟು ಪೋಸ್ಟ್ ಆಫೀಸಿಗೆ ಒಯ್ದರು. ಡಬ್ಬಿಯನ್ನು ಮಾಮಾ ಯಾರ ಕೈಗೂ ಕೊಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡಿದ್ದ. ದಾರಿಯಲ್ಲಿ ಇಬ್ಬರು ಸೈಕಲ್ ನಿಲ್ಲಿಸಿ ಕೈ ಮುಗಿದರು. ಮಾಮಾ ಒಳಗಿನಿಂದ ಅವರಿಗೂ ಕೈ ಮುಗಿದ.

ಖಿಡಕಿಯಲ್ಲಿನ ಗುಮಾಸ್ತರು ಮೂವತ್ತು ಜನರನ್ನು ನೋಡಿ ಕನ್ನಡಕ ಮೇಲೆ ಸರಿಸಿದರು. "ಏನೈತ್ರಿ ಒಳಗ?"

ನಾನು ಬಾಯಿ ತೆರೆಯುವ ಮೊದಲೇ ಮಾಮಾ, "ನಾನ ಅದೀನ್ರಿ," ಎಂದ. "ಹಗುರ್ಕ ಒಗೀರಿ."

ಎರಡೂ ಐವತ್ತೆಂಟಕ್ಕೆ ರಸೀದಿ ಕೈಗೆ ಬಂತು. ಮಾಮಾ ಅದನ್ನು ಇಸಿದುಕೊಂಡು ಓದಿ, ಮಡಚಿ, ನನ್ನ ಅಂಗಿಯ ಕಿಸೆಯಲ್ಲಿ ತಾನೇ ಇಟ್ಟ. ಅಂಗಡಿಯ ಮಾತು ಅವತ್ತಿಗೆ ಮುಗಿಯಿತು, ಮತ್ತೆ ಎಂದೂ ಎತ್ತಲಿಲ್ಲ. ಆ ಸ್ಟೂಲಿನ ಮೇಲೆ ಆಮೇಲೆ ಅತ್ತಿ ಕೂರತೊಡಗಿದಳು, ವ್ಯಾಪಾರ ಏರಿತು ಎನ್ನುತ್ತಾರೆ.

ಟೆಂಪೋದಲ್ಲಿ ಬಂದಿದ್ದ ಹಿರಿಯರಲ್ಲಿ ನಾಲ್ವರು ಹೋಗುವ ಮುಂಚೆ ನನ್ನನ್ನು ಬದಿಗೆ ಕರೆದು, ತಮ್ಮದೂ ಒಂದು ಇಂಥ ಫೋಟೋ ಈಗಲೇ ತೆಗೆದಿಡು ಎಂದರು. ಇಲ್ಲದಿದ್ದರೆ ಮಕ್ಕಳು ರೇಷನ್ ಕಾರ್ಡಿನದನ್ನೇ ದೊಡ್ಡದು ಮಾಡಿಸುತ್ತಾರೆ ಎಂಬ ಭಯ ಅವರಿಗೆ. ಕಟಕೋಳಕ್ಕೆ ಹೋಗಿ ತೆಗೆದೆ. ಅವರ ಅನುಮತಿ ಕೇಳಿ ವೆಬ್‌ಸೈಟಿಗೂ ಹಾಕಿದೆ. ಅನುಮತಿ ಕೇಳುವುದನ್ನು ಆಗ ಕಲಿತೆ. ಒಬ್ಬರು ಮಾತ್ರ, "ಎಮ್ಮಿಗಿಂತ ಮ್ಯಾಲೆ ಹಾಕ್ತಿದ್ರ ಹಾಕು," ಎಂದು ಷರತ್ತು ಹಾಕಿದರು.

ಮೈಸೂರಿನ ಶಿಕ್ಷಕಿಯ ಮೇಲ್ ಹದಿನೈದು ದಿನಕ್ಕೆ ಬಂತು. ಫೋಟೋ ತಲೆಬಾಗಿಲಿನ ಒಳಗಡೆ ಹಾಕಿದ್ದೇನೆ, ಹೊರಗೆ ಹೋಗುವಾಗ ಇವರ ಮುಖ ನೋಡಿದರೆ ಗ್ಯಾಸ್ ಆರಿಸುವುದು ನೆನಪಾಗುತ್ತದೆ ಎಂದಿದ್ದರು. ಕಟ್ಟಿನ ಮೇಲೆ ಎರಡು ಮೊಳೆ ಏಕೆ ಎಂದು ಮೊದಲು ತಿಳಿಯಲಿಲ್ಲ, ಈಗ ಅವಕ್ಕೆ ಮನೆಯ ಕೀಲಿಕೈ ಗೊಂಚಲು ತೂಗುಹಾಕುತ್ತೇನೆ, ಬಹಳ ಅನುಕೂಲವಾಗಿದೆ ಎಂದೂ ಬರೆದಿದ್ದರು. ಭಾಯಿಯ ನೆಟ್ ಸೆಂಟರಿನಲ್ಲಿ ಮಾಮಾನನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿ ಹೇಳಿದೆ.

ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ಕೀಲಿ ನನ್ನ ಕಡೆ ಕೊಟ್ಟಾರೇನು?"

"ಹೂಂ ಮಾಮಾ."

"ಎಮ್ಮಿ ಕಡೆ ಯಾರರೇ ಕೀಲಿ ಕೊಟ್ಟಾರೇನು, ಕೇಳು ಆ ಪುಣೆದಾವರನ್ನ," ಎಂದ.